ಕಿತ್ತೂರು ಚೆನ್ನಮ್ಮನ ಪಾಠ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಾಡಿನ ಪಠ್ಯಪುಸ್ತಕ ರಚನೆಕಾರರು, ಜಯಂತಿ ಮತ್ತು ಉತ್ಸವಗಳ ಆಯೋಜಕರು, ಸ್ಮಾರಕಗಳಲ್ಲಿ ಫಲಕ ಬರೆಸುವ ಅಧಿಕಾರಿಗಳು.

ವಿಷಯ: ರಾಣಿ ಚೆನ್ನಮ್ಮನ ಬದುಕು ಮತ್ತು 1824ರ ಕಿತ್ತೂರು ಯುದ್ಧವನ್ನು ಹೇಳುವಾಗ ಆಗುತ್ತಿರುವ ತಪ್ಪುಗಳನ್ನು ತಿದ್ದುವ ಕುರಿತು.

ಮಾನ್ಯರೇ,

ಅಕ್ಟೋಬರ್ 23 ಬಂತೆಂದರೆ ಶಾಲೆಯ ವೇದಿಕೆಗಳ ಮೇಲೆ ಒಂದೇ ದೃಶ್ಯ. ಕಚ್ಚೆ ಹಾಕಿ ಸೀರೆ ಉಟ್ಟ ಹುಡುಗಿ, ಕೈಯಲ್ಲಿ ರಟ್ಟಿನ ಕತ್ತಿ, ಎದುರಿಗೆ ಕೆಂಪು ಕೋಟಿನ ಹುಡುಗ. ಅವನು ಕಪ್ಪ ಕೇಳುತ್ತಾನೆ, ಅವಳು ಗುಡುಗುತ್ತಾಳೆ, ಚಪ್ಪಾಳೆ ಬೀಳುತ್ತದೆ. ಆ ಮಗುವಿನ ಹುಮ್ಮಸ್ಸಿಗೆ ನಮ್ಮ ನಮಸ್ಕಾರ. ಆದರೆ ಆ ಮಾತು ರಂಗಭೂಮಿಯಿಂದ, ಬೆಳ್ಳಿತೆರೆಯಿಂದ ಬಂದದ್ದು. ಕಿತ್ತೂರಿನಲ್ಲಿ ಯುದ್ಧ ಹೊತ್ತಿಕೊಂಡದ್ದು ಕಪ್ಪದ ಮಾತಿಗಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯುವ ಹೊತ್ತಿಗೆ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ಪಕ್ಷ ವಹಿಸಿತ್ತು. ಅದಕ್ಕೆ ಪ್ರತಿಯಾಗಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಸಂಸ್ಥಾನವನ್ನು ಅದನ್ನು ಆಳುತ್ತಿದ್ದ ದೇಸಾಯಿಯ ಕೈಯಲ್ಲೇ ಉಳಿಸಿದ. ವರ್ಷಾವರ್ಷ ಕಂಪನಿಗೆ ಹಣ ಸಲ್ಲುತ್ತಿತ್ತು. ಹಾಗಾದರೆ 1824ರಲ್ಲಿ ಆದದ್ದೇನು? ಮಕ್ಕಳಿಗೆ ನಾವು ಹೇಳದೆ ಬಿಟ್ಟಿರುವುದು ಇದನ್ನೇ, ಚೆನ್ನಮ್ಮನ ನಿಜವಾದ ದೊಡ್ಡಸ್ತಿಕೆ ಇರುವುದೂ ಇಲ್ಲೇ.

ಮೊದಲು ಆಕೆ ಯಾರು ಎಂಬುದನ್ನು ನೇರ ಮಾಡಿಕೊಳ್ಳೋಣ. 1778ರಲ್ಲಿ ಬೆಳಗಾವಿಯ ಪಕ್ಕದ ಕಾಕತಿಯ ದೇಸಾಯರ ಮನೆಯಲ್ಲಿ ಹುಟ್ಟಿದಾಕೆ. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಎರಡನೆಯ ಹೆಂಡತಿ, ಹಿರಿಯವಳು ರುದ್ರಮ್ಮ. ಪೇಶ್ವೆಯ ಸೆರೆಯಲ್ಲಿ ಸೊರಗಿದ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಆಗ ಪಟ್ಟಕ್ಕೆ ಬಂದದ್ದು ಚೆನ್ನಮ್ಮನಲ್ಲ, ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. ಮುಂದಿನ ಎಂಟು ವರ್ಷ ಆಳಿದವನು ಅವನೇ. ಚೆನ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗ ಉಳಿದಿರಲಿಲ್ಲ. ಅಂದರೆ 1824ರಲ್ಲಿ ಕಂಪನಿಗೆ ಎದುರು ನಿಂತಾಗ ಆಕೆ ಪಟ್ಟದ ರಾಣಿಯಾಗಿರಲಿಲ್ಲ. ವಿಧವೆ, ತೀರಿಹೋದ ದೇಸಾಯಿಯ ಮಲತಾಯಿ, ವಯಸ್ಸು ಸುಮಾರು 46. ನಮ್ಮ ಕ್ಯಾಲೆಂಡರು, ಪಠ್ಯದ ಚಿತ್ರಗಳೆಲ್ಲ ಇಪ್ಪತ್ತರ ತರುಣಿಯನ್ನು ಕುದುರೆಯ ಮೇಲೆ ಕೂರಿಸುತ್ತವೆ. ಮನೆಯಲ್ಲಿ ಸಾಲುಸಾಲು ಸಾವು ಕಂಡ ನಡುವಯಸ್ಸಿನ ಹೆಂಗಸೊಬ್ಬಳು, ಬೇರೊಬ್ಬಳ ಮಗ ದತ್ತಕ ತೆಗೆದುಕೊಂಡ ಹುಡುಗನ ಹಕ್ಕಿಗಾಗಿ ಸಂಸ್ಥಾನದ ಭಾರ ಹೊತ್ತಳು ಎಂಬುದು ಆ ಚಿತ್ರಕ್ಕಿಂತ ಎಷ್ಟೋ ದೊಡ್ಡ ಸಂಗತಿ. ಅದನ್ನು ಮುಚ್ಚಿಡುವುದು ಏಕೆ?

ಇನ್ನು ಜಗಳದ ಮೂಲ. ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಅವನು ಕಾಯಿಲೆಯಿಂದ ತೀರಿಕೊಂಡ. ಮಾಸ್ತಮರಡಿಯ ಗೌಡರ ಮನೆತನದ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡ ಸುದ್ದಿ ಹೊತ್ತ ಪತ್ರದಲ್ಲಿದ್ದ ತಿಂಗಳು ಜುಲೈ. ಅದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈ ಸೇರಿದ್ದು ದೇಸಾಯಿ ಸಾಯುವ ಹೊತ್ತಿಗೆ. ತಾರೀಖಿಗೂ ತಲುಪಿದ ದಿನಕ್ಕೂ ನಡುವಿನ ಈ ಅಂತರವನ್ನೇ ಥ್ಯಾಕರೆ ಹಿಡಿದುಕೊಂಡ. ಸಹಿಯನ್ನೂ ಶಂಕಿಸಿದ. ದತ್ತಕವೇ ಸುಳ್ಳು, ಸತ್ತ ಮೇಲೆ ಹುಟ್ಟಿಸಿದ್ದು ಎಂದು ಪುಣೆಯ ಕಮಿಷನರ್ ಚಾಪ್ಲಿನ್‌ಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ವರದಿ ಮಾಡಿದ.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ, ಪಾಠಗಳಲ್ಲಿ ಎರಡೂ ಕಲಸಿಹೋಗುತ್ತವೆ. ಒಂದು, ದತ್ತಕ ನಿಜವಾಗಿ ನಡೆಯಿತೇ ಎಂಬುದು. ಇನ್ನೊಂದು, ನಡೆದಿದ್ದರೂ ಕಂಪನಿಯ ಒಪ್ಪಿಗೆ ಬೇಕಿತ್ತೇ ಎಂಬುದು. ನಮ್ಮ ಧರ್ಮಶಾಸ್ತ್ರದ ಪ್ರಕಾರ ದತ್ತಪುತ್ರ ಹೊಟ್ಟೆಯ ಮಗನಿಗೆ ಸಮ. ಮನೆತನದ ಹೆಸರು, ಆಸ್ತಿ, ಕ್ರಿಯೆ ಎಲ್ಲವೂ ಅವನಿಗೆ ಸೇರಿದ್ದು. ಕಂಪನಿ ವಾದಿಸಿದ್ದು, ಸಂಸ್ಥಾನ ತಾನು ಉಳಿಸಿಕೊಟ್ಟದ್ದು, ಆದ್ದರಿಂದ ತನ್ನನ್ನು ಕೇಳದೆ ಮಾಡಿದ ದತ್ತಕಕ್ಕೆ ಅಧಿಕಾರ ದಾಟದು ಎಂದು. ಚೆನ್ನಮ್ಮನ ನಿಲುವು ಇದಕ್ಕೆ ನೇರ ಎದುರು: ಮನೆತನದ ಉತ್ತರಾಧಿಕಾರ ಮನೆತನದ ಮಾತು, ಅದರಲ್ಲಿ ಕಲೆಕ್ಟರನಿಗೆ ಕೆಲಸವಿಲ್ಲ. ಕತ್ತಿಗೆ ಕೈಹಾಕುವ ಮುಂಚೆ ಆಕೆ ಗವರ್ನರನವರೆಗೂ ಪತ್ರ ಬರೆದು ಕೇಳಿದಳು. ಎಲ್ಫಿನ್‌ಸ್ಟನ್ ಒಪ್ಪಲಿಲ್ಲ. ಈ ಪತ್ರವ್ಯವಹಾರ ಒಂದು ಸಾಲಿನಲ್ಲಾದರೂ ಪಾಠಕ್ಕೆ ಬರಬೇಕು. ಸಿಟ್ಟಿಗೆದ್ದು ಕತ್ತಿ ಹಿರಿದವಳಲ್ಲ ಚೆನ್ನಮ್ಮ. ಎಲ್ಲ ಬಾಗಿಲು ತಟ್ಟಿ, ಕೊನೆಗೆ ತನ್ನ ಬಾಗಿಲು ಹಾಕಿಕೊಂಡವಳು.

ದಯವಿಟ್ಟು ಡಾಲ್‌ಹೌಸಿಯ ಹೆಸರನ್ನು ಈ ಪಾಠದಿಂದ ತೆಗೆಯಿರಿ. 'ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿಯ ವಿರುದ್ಧ ಚೆನ್ನಮ್ಮ ಹೋರಾಡಿದಳು' ಎಂಬ ವಾಕ್ಯ ಭಾಷಣಗಳಲ್ಲಿ, ಪ್ರಬಂಧಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಹರಿದಾಡುತ್ತಿದೆ. ಡಾಲ್‌ಹೌಸಿ ಗವರ್ನರ್ ಜನರಲ್ ಆದದ್ದು 1848ರಲ್ಲಿ. ಅವನ ಕಾಲದಲ್ಲಿ ಸಾತಾರಾ ಹೋಯಿತು, ಆಮೇಲೆ ಝಾನ್ಸಿ ಹೋಯಿತು. ಕಿತ್ತೂರಿನ ಯುದ್ಧದ ವರ್ಷ ಆ ಮನುಷ್ಯ ಹನ್ನೆರಡು ವರ್ಷದ ಹುಡುಗ. ಅಂದಿನ ಗವರ್ನರ್ ಜನರಲ್ ಆಮ್‌ಹರ್ಸ್ಟ್. ಇದು ತಾರೀಖಿನ ಸಣ್ಣ ಎಡವಟ್ಟು ಎಂದು ಕೈಬಿಡುವ ಮಾತಲ್ಲ. ಝಾನ್ಸಿಯವರೆಗೆ ಹೋದ ಆ ಅಸ್ತ್ರವನ್ನು ಕಂಪನಿ ನೀತಿಯೆಂದು ಹೆಸರಿಟ್ಟು ಎತ್ತುವುದಕ್ಕೆ ಎರಡು ದಶಕಕ್ಕೂ ಮೊದಲೇ ಕಿತ್ತೂರಿನ ಮೇಲೆ ಪ್ರಯೋಗಿಸಿತ್ತು, ಅದನ್ನು ಆಗಲೇ ಎದುರಿಸಿದವಳು ಈಕೆ. ಡಾಲ್‌ಹೌಸಿಯನ್ನು ತಂದು ಕೂರಿಸಿದರೆ ಚೆನ್ನಮ್ಮ ಮೊದಲಿಗಳಾದದ್ದೇ ಅಳಿಸಿಹೋಗುತ್ತದೆ.

ಹಾಗೆಯೇ 'ದೇಶದಲ್ಲಿ ಬ್ರಿಟಿಷರ ವಿರುದ್ಧ ಯುದ್ಧ ಮಾಡಿದ ಮೊದಲ ಮಹಿಳೆ' ಎಂಬ ಬಿರುದು. ತಮಿಳು ನಾಡಿನ ಶಿವಗಂಗೆಯ ವೇಲು ನಾಚ್ಚಿಯಾರ್ 1780ರಲ್ಲೇ ತನ್ನ ರಾಜ್ಯವನ್ನು ಮರಳಿ ಗೆದ್ದಿದ್ದಳು. ಮೊದಲು ಯಾರು ಎಂಬ ಪಂದ್ಯ ಚೆನ್ನಮ್ಮನಿಗೆ ಬೇಕಿಲ್ಲ. 1857ಕ್ಕಿಂತ 33 ವರ್ಷ ಮೊದಲು ಎಂದರೆ ಸಾಕು, ಅದರಲ್ಲಿ ತಪ್ಪಿಲ್ಲ.

ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕಾದ ಒಂದು ವಸ್ತುವಿದೆ: ಖಜಾನೆಯ ಮೇಲಿನ ಮೊಹರು. ದೇಸಾಯಿ ತೀರಿದ ಮೇಲೆ ಥ್ಯಾಕರೆ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ, ಕಾವಲು ಇರಿಸಿ, ಆಡಳಿತಕ್ಕೆ ತನ್ನ ಕಡೆಯ ಕಾರಭಾರಿಗಳನ್ನು ನೇಮಿಸಿದ. ಮೊಹರು ಎಂದರೆ ಇಂದಿನ ಮಕ್ಕಳಿಗೆ ರಬ್ಬರ್ ಸ್ಟಾಂಪು. ಅಂದಿನದು ಬೇರೆ. ಬೀಗದ ಮೇಲೆ ಬಟ್ಟೆ ಅಥವಾ ದಾರ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ ಸುರಿದು, ಬಿಸಿ ಆರುವ ಮುಂಚೆ ಮುದ್ರೆ ಒತ್ತುವುದು. ಬೀಗದ ಕೈ ನಿಮ್ಮ ಸೆರಗಿನ ಗಂಟಿನಲ್ಲೇ ಇರಬಹುದು. ಆದರೂ ಅರಗು ಒಡೆಯದೆ ಬೀಗ ತೆಗೆಯಲಾಗದು, ಅರಗು ಒಡೆದರೆ ಅದೇ ಅಪರಾಧ. ಸಿಪಾಯಿಗಳ ಸಂಬಳ, ಮಠದ ದಾಸೋಹ, ಅರಮನೆಯ ಅಡುಗೆಮನೆಯ ಖರ್ಚು ಎಲ್ಲಕ್ಕೂ ಹಣ ಬರುವುದು ಆ ಕೋಣೆಯಿಂದ. ಒಂದು ಗುಂಡೂ ಹಾರಿಸದೆ ಸಂಸ್ಥಾನದ ಕತ್ತು ಹಿಸುಕುವ ಉಪಾಯ ಇದು. ರಟ್ಟಿನ ಕತ್ತಿಯ ಜೊತೆಗೆ ಒಂದು ಬೀಗ, ಒಂದು ತುಂಡು ಕೆಂಪು ಅರಗನ್ನು ವೇದಿಕೆಗೆ ತನ್ನಿರಿ. ಜಗಳ ಯಾತಕ್ಕೆ ಎಂಬುದು ನಾಲ್ಕನೆಯ ತರಗತಿಯ ಮಗುವಿಗೂ ತಿಳಿಯುತ್ತದೆ.

ಅಕ್ಟೋಬರ್ 23ರ ಗೆಲುವನ್ನು 'ಶೌರ್ಯದಿಂದ ಹೋರಾಡಿ ಗೆದ್ದರು' ಎಂಬ ಒಂದೇ ಸಾಲಿಗೆ ಇಳಿಸಿದ್ದೀರಿ. ಗೆದ್ದದ್ದು ಹೇಗೆ ಎಂದು ಹೇಳಿದರೆ ಆ ಶೌರ್ಯದ ತೂಕ ಇನ್ನೂ ಹೆಚ್ಚುತ್ತದೆ. ಥ್ಯಾಕರೆ ತಂದದ್ದು ಕುದುರೆಗಳು ಎಳೆಯುವ ಹಗುರ ತೋಪುಗಳನ್ನು, ಜೊತೆಗೆ ಸಣ್ಣ ಪಡೆಯನ್ನು. ಕೋಟೆಯ ಬಾಗಿಲು ಮುಚ್ಚಿತ್ತು. ಆತ ಸ್ವಲ್ಪ ಹೊತ್ತಿನ ಗಡುವು ಕೊಟ್ಟ, ತೆರೆಯದಿದ್ದರೆ ತೋಪಿನಿಂದ ಒಡೆಯುತ್ತೇನೆಂದ. ಹಗುರ ತೋಪಿನಿಂದ ಬಾಗಿಲು ಒಡೆಯಬೇಕೆಂದರೆ ಹತ್ತಿರ ತರಬೇಕು. ಅವನ ಮೊದಲ ತಪ್ಪು ಅಲ್ಲೇ ಆಯಿತು. ಅಂದಿನ ತೋಪು ಬಾಯಿಯಿಂದ ತುಂಬುವಂಥದ್ದು: ಒದ್ದೆ ಕುಂಚದಿಂದ ನಳಿಗೆ ಒರೆಸಿ ಒಳಗಿನ ಕಿಡಿ ಆರಿಸಬೇಕು, ಮದ್ದಿನ ಚೀಲ ಇಳಿಸಬೇಕು, ಗುಂಡು ಹಾಕಬೇಕು, ಉದ್ದನೆಯ ಕೋಲಿನಿಂದ ಗಿಡಿಯಬೇಕು, ಹಿಂದಿನ ತೂತಿನಲ್ಲಿ ಸೂಜಿ ಚುಚ್ಚಿ ಚೀಲ ಹರಿಯಬೇಕು, ಕಿಡಿ ಹಿಡಿಯುವ ನುಣುಪು ಮದ್ದು, ಅಂದರೆ ರಂಜಕ, ಸುರಿಯಬೇಕು, ಆಮೇಲೆ ಬತ್ತಿ. ಪಳಗಿದ ಕೈಗಳಿಗೂ ಪ್ರತಿ ಸುತ್ತಿಗೆ ಹೊತ್ತು ಹಿಡಿಯುತ್ತದೆ. ಬಾಗಿಲು ಹಠಾತ್ತನೆ ಒಳಗಿನಿಂದಲೇ ತೆರೆದು ಜನ ನುಗ್ಗಿದರೆ ನೂರು ಗಜ ಓಡಲು ಅರ್ಧ ನಿಮಿಷವೂ ಬೇಡ. ತೋಪು ಹಾರಿಸುವ ಗೋಲಂದಾಜನ ಕೈಯಲ್ಲಿ ಆಗ ಇರುವುದು ಗಿಡಿಯುವ ಕೋಲು, ಬಂದೂಕಲ್ಲ.

ಕಿತ್ತೂರಿನವರು ಮಾಡಿದ್ದು ಅದನ್ನೇ. ಬಾಗಿಲು ತೆರೆಯಿತು, ಪಡೆ ಹೊರಗೆ ಧುಮುಕಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ತೋಪಿನ ಪಡೆಯ ಅಧಿಕಾರಿಗಳಾದ ಬ್ಲ್ಯಾಕ್, ಸೀವೆಲ್, ಡೈಟನ್ ಪ್ರಾಣ ಕಳೆದುಕೊಂಡರು. ಥ್ಯಾಕರೆಯ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಎದುರಾಳಿಯ ಬಲ ಎಲ್ಲಿದೆ, ಅದು ಯಾವ ಗಳಿಗೆಯಲ್ಲಿ ಕೆಲಸಕ್ಕೆ ಬಾರದು ಎಂದು ಅಳೆದು ನೋಡಿದವರ ಗೆಲುವು ಇದು. ಸರದಾರ ಗುರುಸಿದ್ದಪ್ಪ, ಬಾಳಪ್ಪ, ಸಂಗೊಳ್ಳಿ ರಾಯಣ್ಣ ಇವರೆಲ್ಲ ಹಿನ್ನೆಲೆಯ ಗುಂಪಿನಂತೆ ಪಾಠದಲ್ಲಿ ನಿಂತಿದ್ದಾರೆ. ಅವರ ಕೆಲಸವನ್ನು ಬಿಡಿಸಿ ಹೇಳಿದರೆ ಚೆನ್ನಮ್ಮ ಚಿಕ್ಕವಳಾಗುವುದಿಲ್ಲ. ಇಂಥ ಜನರನ್ನು ಒಂದು ಮಾತಿಗೆ ಕಟ್ಟಿ ನಿಲ್ಲಿಸಿದ್ದೇ ಆಕೆಯ ನಾಯಕತ್ವ.

ಪಾಠಗಳು ಇಲ್ಲಿಂದ ನೇರ ಸೋಲಿಗೆ ಜಿಗಿಯುತ್ತವೆ. ಅಕ್ಟೋಬರ್ 23ಕ್ಕೂ ಡಿಸೆಂಬರ್ 3ಕ್ಕೂ ನಡುವೆ 41 ದಿನಗಳಿವೆ, ಆಕೆಯ ಬದುಕಿನ ಅತ್ಯಂತ ಕಠಿಣ ದಿನಗಳು. ಕೈಯಲ್ಲಿ ಇಬ್ಬರು ಇಂಗ್ಲಿಷ್ ಒತ್ತೆಯಾಳುಗಳು. ಅವರ ಕೂದಲೂ ಕೊಂಕಲಿಲ್ಲ. ಚಾಪ್ಲಿನ್ ಕಡೆಯಿಂದ ಬಂದ ಷರತ್ತು, ಅವರನ್ನು ಬಿಟ್ಟು ಶರಣಾದರೆ ಸರದಾರ ಗುರುಸಿದ್ದಪ್ಪನ ಹೊರತು ಉಳಿದವರಿಗೆ ಕ್ಷಮೆ. ಅತ್ತ ದಖ್ಖನಿನ ಹಲವು ಠಾಣ್ಯಗಳಿಂದ ಪಡೆ ಕೂಡುತ್ತಿತ್ತು. ಡಿಸೆಂಬರ್ 2ರಂದು ಚೆನ್ನಮ್ಮ ಒತ್ತೆಯಾಳುಗಳನ್ನು ಬಿಟ್ಟಳು. ಮರುದಿನವೇ ದಾಳಿ ಶುರುವಾಯಿತು. ಆ ಎಲಿಯಟ್ ಆಗ ಇಪ್ಪತ್ತರ ಆಚೆಈಚೆಯ ಹುಡುಗ. ಮುಂದೆ ಇದೇ ಕನ್ನಡ ಸೀಮೆಯ ಹಳ್ಳಿಹಳ್ಳಿಯ ಶಾಸನಗಳನ್ನು ನಕಲು ಮಾಡಿಸಿ, ನಮ್ಮ ಶಾಸನಾಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ. ಚಾಲುಕ್ಯರ ಬಗ್ಗೆ ನಾವು ಇಂದು ಓದುವ ಎಷ್ಟೋ ಸಂಗತಿಯ ಹಿಂದೆ ಕಿತ್ತೂರಿನ ರಾಣಿ ಜೀವಸಹಿತ ಬಿಟ್ಟುಕಳಿಸಿದ ಸೆರೆಯಾಳಿನ ಶ್ರಮವಿದೆ. ಇಷ್ಟು ಚೆಂದದ ಸಂಗತಿ ಒಂದು ಪಾಠದಲ್ಲೂ ಇಲ್ಲದಿರುವುದು ನೋವಿನ ಮಾತು.

ಸೋಲಿಗೆ ಕಾರಣವೆಂದು ಎಲ್ಲೆಡೆ ಹೇಳುವುದು ಒಂದೇ: ಕಿತ್ತೂರಿನ ಆಸ್ಥಾನದವರೇ ಆದ ಮಲ್ಲಪ್ಪಶೆಟ್ಟಿ, ವೆಂಕಟರಾಯರ ದ್ರೋಹ, ಮದ್ದಿಗೆ ಸೆಗಣಿ ಬೆರೆಸಿದ್ದು. ಈ ಮಾತು ಲಾವಣಿಗಳಲ್ಲಿ, ಜನರ ನಾಲಿಗೆಯಲ್ಲಿ ಗಟ್ಟಿಯಾಗಿ ಉಳಿದಿದೆ, ಅದನ್ನು ಅಳಿಸಿ ಎಂದು ನಾವು ಕೇಳುವುದಿಲ್ಲ. ಆದರೆ ಅದರೊಂದಿಗೆ ಮದ್ದೆಂದರೇನು ಎಂಬುದನ್ನೂ ಹೇಳಿ. ಕರಿಮದ್ದು ಎಂದರೆ ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಮೂರನ್ನೂ ನುಣ್ಣಗೆ ಅರೆದು ಒಂದಾಗಿಸಿದರೆ ಮಾತ್ರ ಸಿಡಿಯುತ್ತದೆ. ಪೆಟ್ಲುಪ್ಪು ಶುದ್ಧವಿಲ್ಲದಿದ್ದರೆ ತೇವ ಹೀರುತ್ತದೆ. ತೇವ ಹೀರಿದ ಮದ್ದು ಬುಸ್ಸೆಂದು ಹೊಗೆಯಾಡುತ್ತದೆ, ಗುಂಡನ್ನು ತಳ್ಳುವುದಿಲ್ಲ. ಸೆಗಣಿಯೋ ಮಣ್ಣೋ ಬೆರೆತರೂ ಅಷ್ಟೇ. ಮಳೆಗಾಲ ದಾಟಿದ ಕೋಟೆಯೊಳಗೆ ಮದ್ದು ಕೆಡುವುದಕ್ಕೆ ಎಷ್ಟೊಂದು ದಾರಿ ಎಂಬುದು ಆಗ ಅರ್ಥವಾಗುತ್ತದೆ. ಇನ್ನೊಂದು ಕಾರಣವನ್ನು ಎಲ್ಲರೂ ಬಿಡುತ್ತಾರೆ. ಅಕ್ಟೋಬರಿನಲ್ಲಿ ಬಂದದ್ದು ಬಯಲಿನ ಹಗುರ ತೋಪು. ಡಿಸೆಂಬರಿನಲ್ಲಿ ಬಂದದ್ದು ಕೋಟೆ ಒಡೆಯುವ ಭಾರಿ ತೋಪುಗಳು, ಜೊತೆಗೆ ದೊಡ್ಡ ಸೈನ್ಯ. ದೂರದಿಂದಲೇ ಗೋಡೆಯ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದು ಬಿರುಕು ಮಾಡುವ ಆ ರೀತಿಗೆ ಕಲ್ಲು ಮಣ್ಣಿನ ಹಳೆಯ ಕೋಟೆ ತಡೆಯದು. ಹೊರಗಿನಿಂದ ನೆರವೂ ಬರಲಿಲ್ಲ. ಅಷ್ಟಾದರೂ ಸೊಲ್ಲಾಪುರದ ಸಬ್ ಕಲೆಕ್ಟರ್, ಥಾಮಸ್ ಮನ್ರೋನ ಸಂಬಂಧಿ ಮನ್ರೋ, ಆ ಕಾಳಗದಲ್ಲಿ ಪ್ರಾಣ ಕಳೆದುಕೊಂಡ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಹೋಯಿತು. ದ್ರೋಹವೊಂದೇ ಕಾರಣವೆಂದು ಕಲಿಸಿದರೆ, ಗೋಡೆಯ ಬಿರುಕಿನಲ್ಲಿ ನಿಂತು ಸತ್ತವರು ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ಬೈಲಹೊಂಗಲ. 1824ರ ಡಿಸೆಂಬರಿನಿಂದ 1829ರ ಫೆಬ್ರವರಿವರೆಗೆ ಸುಮಾರು 50 ತಿಂಗಳು ಚೆನ್ನಮ್ಮ ಅಲ್ಲಿ ಸೆರೆಯಲ್ಲಿದ್ದಳು. ಯುದ್ಧ ನಡೆದದ್ದು ಕೆಲವೇ ದಿನ. ಸೆರೆ ನಾಲ್ಕು ವರ್ಷಕ್ಕೂ ಮಿಕ್ಕು. ಪಾಠದಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ವಾಕ್ಯ. ಆಕೆಯ ಜೊತೆ ಸೊಸೆ ವೀರವ್ವನೂ ಇದ್ದಳು ಎಂದು ಎಷ್ಟು ಮಕ್ಕಳಿಗೆ ಗೊತ್ತು? ಚೆನ್ನಮ್ಮ ಕಣ್ಣುಮುಚ್ಚಿದ ಬೆನ್ನಿಗೇ ರಾಯಣ್ಣನ ಬಂಡಾಯ ತಲೆಯೆತ್ತಿತು, ಅದೇ ದತ್ತಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ. 1831ರಲ್ಲಿ ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾಯಿತು. ರಾಣಿಯ ಪಾಠ ಒಂದು ತರಗತಿಯಲ್ಲಿ, ರಾಯಣ್ಣನ ಪಾಠ ಇನ್ನೊಂದರಲ್ಲಿ, ನಡುವೆ ಏನೂ ಇಲ್ಲ ಎಂಬಂತೆ ಇಟ್ಟಿರುವುದು ಸರಿಯಲ್ಲ. ಎರಡನ್ನೂ ಹೊಲಿಯುವ ದಾರ ಆ ಹುಡುಗನ ಹಕ್ಕು.

ಈಗ ನಮ್ಮ ಕೋರಿಕೆಗಳು.

ಪಠ್ಯ ಬರೆಯುವವರು ಯುದ್ಧದ ಕಾರಣವನ್ನು ದತ್ತಕ, ಖಜಾನೆಯ ಮೊಹರು ಮತ್ತು ಕಾರಭಾರಿಗಳ ನೇಮಕ ಎಂದು ಸ್ಪಷ್ಟವಾಗಿ ಬರೆಯಬೇಕು. ಕಪ್ಪದ ಸಂಭಾಷಣೆ ಬೇಕಿದ್ದರೆ ಅದು ನಾಟಕದ ಮಾತೆಂದು ಕೆಳಗೆ ಒಂದು ಸಾಲು ಇರಲಿ. ಆಕೆಯ ಹುಟ್ಟಿದ ದಿನವೆಂದು ಕೆಲವು ಪುಸ್ತಕಗಳಲ್ಲಿ ಅಕ್ಟೋಬರ್ 23 ಇದೆ, ಕೆಲವದರಲ್ಲಿ ನವೆಂಬರ್ 14. ತೀರಿಕೊಂಡ ದಿನ ಕೆಲವೆಡೆ ಫೆಬ್ರವರಿ 2, ಕೆಲವೆಡೆ 21. ಪರೀಕ್ಷೆಯಲ್ಲಿ ಈ ತಾರೀಖುಗಳನ್ನು ಕೇಳಿ ಮಕ್ಕಳ ಅಂಕ ಕತ್ತರಿಸಬೇಡಿ. 1778 ಮತ್ತು 1829 ಎಂಬ ಇಸವಿಗಳು ಸಾಕು, ಅಕ್ಟೋಬರ್ 23 ಯುದ್ಧ ಗೆದ್ದ ದಿನವೆಂದೇ ಉಳಿಯಲಿ.

ಫಲಕ ಬರೆಸುವವರಲ್ಲಿ ವಿನಂತಿ: ಕಿತ್ತೂರಿನ ಕೋಟೆಗೆ ಬಂದವರಿಗೆ ಬೇಕಾದದ್ದು ಹೊಗಳಿಕೆಯಲ್ಲ, ದಿಕ್ಕು. ಯಾವುದು ಬಾಗಿಲು, ತೋಪುಗಳು ಯಾವ ಕಡೆಯಿಂದ ಬಂದವು, ಡಿಸೆಂಬರಿನಲ್ಲಿ ಗೋಡೆ ಒಡೆದದ್ದು ಯಾವ ಮಗ್ಗುಲು ಎಂಬುದನ್ನು ದಾಖಲೆ ನೋಡಿ ಗುರುತಿಸಿ, ಬಾಣದ ಗುರುತಿನ ನಕಾಶೆ ಹಾಕಿಸಿ. ವಾಡೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿ ಇದೆ. ಕಣ್ಣು ಎಲ್ಲಿಟ್ಟು ಯಾವ ದಿಕ್ಕಿಗೆ ನೋಡಬೇಕು ಎಂಬ ಎರಡು ಸಾಲು ಪಕ್ಕದಲ್ಲಿದ್ದರೆ ಮಗು ಅದನ್ನು ಜನ್ಮದಲ್ಲಿ ಮರೆಯದು. ತಗಡಿನ ಮೇಲೆ ಬಣ್ಣದಲ್ಲಿ ಬರೆಸಿದ್ದು ಬಿಸಿಲು ಮಳೆಗೆ ಕೆಲವೇ ವರ್ಷಗಳಲ್ಲಿ ಮಾಸುತ್ತದೆ, ಅಂಚಿನಿಂದ ತುಕ್ಕು ಹಿಡಿಯುತ್ತದೆ. ಕಲ್ಲಿನಲ್ಲಿ ಕೊರೆಸಿ ಬಣ್ಣ ತುಂಬಿಸಿ. ಬಣ್ಣ ಹೋದರೂ ಅಕ್ಷರ ಉಳಿಯುತ್ತದೆ. ಕೊರೆಸುವ ಮುನ್ನ ಇತಿಹಾಸ ಬಲ್ಲ ಇಬ್ಬರಿಂದ ಓದಿಸಿ, ಏಕೆಂದರೆ ಕಲ್ಲಿನ ಮೇಲಿನ ತಪ್ಪನ್ನು ತಿದ್ದಲಾಗುವುದಿಲ್ಲ. ಮಕ್ಕಳ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಬೈಲಹೊಂಗಲದ ಸಮಾಧಿಯ ಬಳಿಯೂ ಆಕೆಯ ಸೆರೆವಾಸದ ವಿವರ ಕಡ್ಡಾಯವಾಗಿ ಇರಲಿ.

ಉತ್ಸವ ನಡೆಸುವವರಲ್ಲಿ ಕೇಳುವುದು ಹಣದ ಮಾತು. ವೇದಿಕೆ, ದೀಪ, ಮೆರವಣಿಗೆಗೆ ಖರ್ಚಾಗುವುದರಲ್ಲಿ ಒಂದು ಪಾಲನ್ನು ದಾಖಲೆಗೆ ಎತ್ತಿಡಿ. ಅಂದಿನ ಈ ಸೀಮೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ಬಳಕೆಯಲ್ಲಿತ್ತು. ಮೋಡಿಯನ್ನು ಲೇಖನಿ ಎತ್ತದೆ ಓಡಿಸಿ ಬರೆಯುತ್ತಿದ್ದರು. ಇ ಮತ್ತು ಈ, ಉ ಮತ್ತು ಊ ಎಂಬ ಭೇದವನ್ನು ಅದರಲ್ಲಿ ಸಾಮಾನ್ಯವಾಗಿ ತೋರಿಸುವುದಿಲ್ಲ. ಹಾಗಾಗಿ ಊರು, ಹೆಸರುಗಳನ್ನು ಓದುವಾಗ ಈ ನೆಲದ ಪರಿಚಯವಿಲ್ಲದವರು ಸುಲಭವಾಗಿ ತಪ್ಪುತ್ತಾರೆ. ಮೋಡಿ ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರ ಜೊತೆ ಕನ್ನಡ ಬಲ್ಲ ಎಳೆಯರನ್ನು ಕೂರಿಸಿ, ಕಿತ್ತೂರಿಗೆ ಸಂಬಂಧಿಸಿದ ಪ್ರತಿ ಕಾಗದದ ಚಿತ್ರ, ಲಿಪ್ಯಂತರ, ಕನ್ನಡ ಅನುವಾದ ಮೂರನ್ನೂ ಒಂದೇ ಪುಟದಲ್ಲಿ ಎದುರುಬದುರು ಅಚ್ಚು ಮಾಡಿಸಿ. ಕಂಪನಿಯ ಇಂಗ್ಲಿಷ್ ಪತ್ರಗಳನ್ನೂ ಹಾಗೆಯೇ ಕನ್ನಡಕ್ಕೆ ತನ್ನಿ. ಈ ಯುದ್ಧದ ಬಗ್ಗೆ ನಾವು ಹೆಚ್ಚಾಗಿ ಓದುವುದು ಸೋತ ಥ್ಯಾಕರೆಯ ಕಡೆಯವರ ವರದಿಯನ್ನೇ. ರಾಣಿಯ ಕಡೆಯ ಕಾಗದ ರಾಣಿಯ ನಾಡಿನ ಮಕ್ಕಳಿಗೆ ಓದಲು ಸಿಗಬೇಕು.

2024ಕ್ಕೆ ಆ ಯುದ್ಧಕ್ಕೆ ಇನ್ನೂರು ವರ್ಷ ತುಂಬಿತು. 2029ರ ಫೆಬ್ರವರಿಗೆ ಚೆನ್ನಮ್ಮ ಬೈಲಹೊಂಗಲದಲ್ಲಿ ಕಣ್ಣುಮುಚ್ಚಿ ಇನ್ನೂರು ವರ್ಷ. ಅಷ್ಟರೊಳಗೆ ತಿದ್ದಿದ ಪಾಠ, ಎರಡೂ ಊರುಗಳಲ್ಲಿ ಕಲ್ಲಿನ ಫಲಕ ಮತ್ತು ದಾಖಲೆಗಳ ಮೊದಲ ಸಂಪುಟ ಸಿದ್ಧವಾಗಬೇಕೆಂದು ಕೋರುತ್ತೇವೆ. ಪ್ರತಿ ಕೆಲಸಕ್ಕೂ ಯಾರು ಹೊಣೆ, ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನು ಸಾರ್ವಜನಿಕರಿಗೆ ತಿಳಿಯುವಂತೆ ಪ್ರಕಟಿಸಿ.

ತಮ್ಮ ವಿಶ್ವಾಸಿಗಳು,
ಕಿತ್ತೂರು ನಾಡಿನ ಇತಿಹಾಸಾಭ್ಯಾಸಿಗಳು